ಕಾಫಿ ಹಣ್ಣಿನ ಜಾಡು ಹಿಡಿದು: ಚಾರ್ಮಾಡಿ ಹತ್ತಿ ಮತ್ತೆ ಮಂಗಳೂರಿಗೆ

ಘಟ್ಟದ ಮೇಲೆ ಬೆಳೆದ ಕಾಫಿ ಹೊರದೇಶಕ್ಕೆ ಹೊರಡುವ ಮೊದಲು ಬಂದು ನಿಲ್ಲುವ ಊರುಗಳಲ್ಲಿ ಮಂಗಳೂರು ಹಳೆಯದು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ಬಿಡಿಸಿ, ಜರಡಿ ಹಿಡಿದು, ಚೀಲ ಹೊಲಿದ ಬೀಜ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಏರುತ್ತದೆ. ಅದೇ ಬೀಜದ ಜಾಡು ಹಿಡಿದು ಹಿಂದಕ್ಕೆ, ಅಂದರೆ ಗಿಡದವರೆಗೆ ಹೋಗಿ, ಮತ್ತೆ ಅದರ ಜೊತೆಯಲ್ಲೇ ಕೆಳಗಿಳಿದು ಬರುವುದು ಈ ಪ್ರವಾಸ. ಹೊರಟದ್ದು ಡಿಸೆಂಬರ್ ಕೊನೆಗೆ. ಆಗ ಅರೇಬಿಕಾ ಕುಯ್ಲು ಭರದಲ್ಲಿರುತ್ತದೆ, ರೋಬಸ್ಟಾ ಕೆಂಪಾಗತೊಡಗಿರುತ್ತದೆ. ಈ ಎರಡು ಕಾಫಿ ಜಾತಿಗಳನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವವರಿಗೆ ಬೇರೆ ತಿಂಗಳು ಹೊಂದುವುದಿಲ್ಲ.

ಸ್ಪೆಷಾಲಿಟಿ ಕಾಫಿ ಎಂದರೆ 100 ಅಂಕದ ರುಚಿ ಪರೀಕ್ಷೆಯಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಪಡೆದ, ಮುಖ್ಯ ದೋಷಗಳಿಲ್ಲದ ಕಾಫಿ. ಸಣ್ಣ ತೋಟದವರಿಗೆ ಆ ಅಂಕ ತಂದುಕೊಡುವುದು, ಇಲ್ಲವೇ ಕಳೆಯುವುದು, ಬಹುಪಾಲು ನೀರು. ಗಿಡಕ್ಕೆ ಯಾವಾಗ ಕೊಡಬೇಕು, ಹಣ್ಣಿನಿಂದ ಎಷ್ಟು ವೇಗದಲ್ಲಿ ತೆಗೆಯಬೇಕು, ಒಣಗಿದ ಬೀಜದೊಳಕ್ಕೆ ಮತ್ತೆ ನುಗ್ಗದಂತೆ ಹೇಗೆ ತಡೆಯಬೇಕು ಎಂಬ ಲೆಕ್ಕ ಪ್ರತಿ ಹಂತದಲ್ಲೂ ಎದುರಾಗುತ್ತದೆ.

ಮೊದಲ ದಿನ: ಬೆಳ್ತಂಗಡಿಯ ಅಡಿಕೆ ತೋಟ

ಬಿ.ಸಿ. ರೋಡ್ ದಾಟಿ ಬೆಳ್ತಂಗಡಿ ಕಡೆ ಹೊರಳಿದರೆ ರಸ್ತೆಯ ಎರಡೂ ಬದಿ ಅಡಿಕೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳ ಕಾಟದಿಂದ ಈಚೆಗೆ ದಕ್ಷಿಣ ಕನ್ನಡದಲ್ಲಿ ಅಡಿಕೆಯ ನಡುವೆ ರೋಬಸ್ಟಾ ಕಾಫಿ ಹಾಕುವವರು ಹೆಚ್ಚಾಗಿದ್ದಾರೆ. ಅರೇಬಿಕಾ ಇಲ್ಲಿ ಬೇಡ. ಈ ಸೆಕೆಗೆ ಎಲೆ ತುಕ್ಕು ರೋಗ ಹಿಡಿದು ಗಿಡ ಬೋಳಾಗುತ್ತದೆ.

ಅಡಿಕೆ 9 ಅಡಿ ಅಂತರದಲ್ಲಿದ್ದರೆ ನಾಲ್ಕು ಮರಗಳ ನಟ್ಟನಡುವೆ ಒಂದು ಕಾಫಿ ಗಿಡ, ಅದೂ ಒಂದು ಸಾಲು ಬಿಟ್ಟು ಒಂದು ಸಾಲು. ಎಲ್ಲ ಸಾಲಿಗೂ ನೆಟ್ಟ ತೋಟಗಳು ನಾಲ್ಕೈದು ವರ್ಷದಲ್ಲಿ ಪೊದೆಯಾಗಿ, ಗಾಳಿಯಾಡದೆ, ಅಡಿಕೆ ಹೆಕ್ಕಲೂ ಜಾಗವಿಲ್ಲದಂತಾಗುತ್ತವೆ. ಗಿಡದ ತುದಿಯನ್ನು 5 ಅಡಿಯೊಳಗೇ ಚಿವುಟಿ ನಿಲ್ಲಿಸಬೇಕು. ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರನ್ನು ಎಳೆಯದಾಗಿರುವಾಗಲೇ ಮುರಿಯಬೇಕು.

ಇಲ್ಲಿ ಎಡವುವುದು ನೀರಿನಲ್ಲೇ. ಅಡಿಕೆಗೆ ಬೇಸಿಗೆಯಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಕಾಫಿಯ ಮೊಗ್ಗಿಗಾದರೋ ಕೆಲವು ವಾರಗಳ ಒಣ ಕಾಲ ಬೇಕು. ಆಮೇಲೆ ಒಮ್ಮೆಗೇ ಒಂದೂವರೆ ಇಂಚಿನಷ್ಟು ನೀರು ಬಿದ್ದರೆ 8–10 ದಿನದಲ್ಲಿ ತೋಟವಿಡೀ ಒಟ್ಟಿಗೆ ಅರಳುತ್ತದೆ. ಜನವರಿಯಲ್ಲೂ ಸ್ಪ್ರಿಂಕ್ಲರ್ ತಿರುಗುತ್ತಲೇ ಇದ್ದರೆ ಇಂದು ನಾಲ್ಕು ಹೂ, ವಾರ ಬಿಟ್ಟು ಹತ್ತು ಹೂ. ಹೂ ಚದುರಿದರೆ ಹಣ್ಣೂ ಚದುರುತ್ತದೆ, ಕುಯ್ಲಿಗೆ ಏಳೆಂಟು ಸುತ್ತು ಆಳು ಬೇಕಾಗುತ್ತದೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಅದಕ್ಕೂ ಒಟ್ಟಿಗೆ ಅರಳುವುದೇ ಒಳ್ಳೆಯದು. ಪರಿಹಾರ ಸರಳ. ಅಡಿಕೆಯ ಬುಡಕ್ಕೆ ಮಾತ್ರ ಹನಿ ನೀರಾವರಿ, ಕಾಫಿಗೆ ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ ಪ್ರತ್ಯೇಕ ಹೂನೀರು, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ. ಪೈಪ್ ಹಾಕಿಸುವ ಮೊದಲೇ ಈ ಎರಡು ಸಾಲುಗಳನ್ನು ಬೇರೆ ಮಾಡಿಸಿಕೊಂಡವರಿಗೆ ಮುಂದೆ ಕಷ್ಟವಿಲ್ಲ.

ಎರಡನೇ ದಿನ: ಕುಯ್ಲು ಮತ್ತು ಪಲ್ಪರ್

ಚಾರ್ಮಾಡಿಯ ತಿರುವುಗಳು ಮುಗಿದು ಕೊಟ್ಟಿಗೆಹಾರ ಬಂದಾಗ ಗಾಳಿಯೇ ಬೇರೆ. ನೀರುದೋಸೆ ತಿಂದು ಮುಂದೆ ಹೋದರೆ ಬಣಕಲ್ ಸುತ್ತಲಿನ ಸಣ್ಣ ತೋಟಗಳು. ನಾವು ಉಳಿದ ತೋಟ 8 ಎಕರೆ, ಗಂಡ, ಹೆಂಡತಿ, ಮಗ ನೋಡಿಕೊಳ್ಳುವುದು. ಹಳೆಯ ಅರೇಬಿಕಾ ತಳಿ ಎಸ್.795ರ ಗಿಡಗಳ ನಡುವೆ ಸತ್ತ ಜಾಗಗಳಿಗೆ ಚಂದ್ರಗಿರಿ ತಳಿ ನೆಟ್ಟಿದ್ದಾರೆ. ಮೇಲೆ ಅತ್ತಿ, ಹಲಸು, ಹಾಲುವಾಣ, ಸಿಲ್ವರ್. ಮರಗಳಿಗೆ ಮೆಣಸಿನ ಬಳ್ಳಿ.

ಸ್ಪೆಷಾಲಿಟಿಗೆ ಹಣ್ಣು ಕೊಯ್ಯುವಾಗ ಕಣ್ಣೇ ಮುಖ್ಯ. ಗೊಂಚಲಿನಲ್ಲಿ ಪೂರ್ತಿ ಕೆಂಪಾದದ್ದನ್ನು ಮಾತ್ರ ಬಿಡಿಸಿ, ಉಳಿದದ್ದನ್ನು ಗಿಡದಲ್ಲೇ ಬಿಟ್ಟು 10–14 ದಿನಕ್ಕೆ ಮತ್ತೆ ಬರಬೇಕು. ಹೀಗೆ ಮೂರು ನಾಲ್ಕು ಸುತ್ತು. ಅರೆಹಣ್ಣು ಬೆರೆತರೆ ಕುಡಿಯುವ ಕಪ್ಪಿನಲ್ಲಿ ಹಸಿ ಒಗರು, ಕಪ್ಪಾಗಿ ಒಣಗಿದ್ದು ಬೆರೆತರೆ ಹುಳಿತ ವಾಸನೆ. ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ಆಯ್ದು ಕೊಯ್ಯುವುದಿಲ್ಲ, ಹಾಗೆ ನಿರೀಕ್ಷಿಸುವುದು ನ್ಯಾಯವೂ ಅಲ್ಲ. ರೆಕ್ಕೆ (ಅಡ್ಡಕೊಂಬೆ) ಹಿಡಿದು ಎಳೆದರೆ ತುಂಬುವ ಚೀಲ ಆಯ್ದು ಕೊಯ್ದರೆ ಅರ್ಧವೂ ತುಂಬದು. ಇಲ್ಲಿ ದಿನಗೂಲಿಯೇ ಇದೆ, ಮೇಲೆ ಸ್ವಲ್ಪ ಹೆಚ್ಚುವರಿ. ಸ್ಪೆಷಾಲಿಟಿಗೆ ಸಿಗುವ ಹೆಚ್ಚಿನ ಬೆಲೆಯ ಮೊದಲ ಪಾಲು ಕೊಯ್ಯುವ ಕೈಗಳಿಗೆ ಹೋಗದಿದ್ದರೆ ಮುಂದಿನ ಕೆಲಸಕ್ಕೆ ಬುಡವೇ ಇರುವುದಿಲ್ಲ.

ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹಣ್ಣಿನ ರಸ ಹಿಂಡಿದರೆ ಸಕ್ಕರೆಯ ಅಂದಾಜು ಸಿಗುತ್ತದೆ. 20ರ ಆಸುಪಾಸು ತೋರಿದರೆ ಹಣ್ಣು ಚೆನ್ನಾಗಿ ಬಲಿತಿದೆ. ಮಳೆ ಬಿದ್ದ ಮರುದಿನ ಇದೇ ಅಂಕೆ ಇಳಿಯುತ್ತದೆ, ಆ ದಿನ ಕುಯ್ಲು ನಿಲ್ಲಿಸುವುದು ಲೇಸು.

ನಾಲ್ಕು ಗಂಟೆಗೆ ಹಣ್ಣು ಮನೆ ಸೇರಿತು. ಟಾರ್ಪಾಲಿನ ಮೇಲೆ ಹರವಿ ಕಾಯಿ, ಎಲೆ, ಒಣಹಣ್ಣು ಹೆಕ್ಕಿದ ಮೇಲೆ ನೀರಿನ ತೊಟ್ಟಿಗೆ ಸುರಿದರು. ಕಾಯಿಕೊರಕ ಹೊಕ್ಕದ್ದು, ಬೀಜ ತುಂಬದ್ದು, ಒಣಗಿದ್ದು ತೇಲುತ್ತವೆ. ತೇಲಿದ್ದನ್ನು ಬುಟ್ಟಿಯಲ್ಲಿ ಬಾಚಿ ಬೇರೆ ಒಣಗಿಸುತ್ತಾರೆ. ಮುಳುಗಿದ್ದು ಮಾತ್ರ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿಗೆ. ಹಣ್ಣನ್ನು ರಾತ್ರಿಯಿಡೀ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬಿಸಿಯಾಗಿ ಹುಳಿಯುತ್ತದೆ, ಆದ್ದರಿಂದ ಕೊಯ್ದ ದಿನವೇ ಸಿಪ್ಪೆ ಬಿಡಿಸಬೇಕು.

ಪಲ್ಪರಿನ ಡಿಸ್ಕಿಗೂ ಪಟ್ಟಿಗೂ ನಡುವಿನ ಸಂದಿ ತೀರಾ ಬಿಗಿಯಾದರೆ ಬೀಜ ಜಜ್ಜುತ್ತದೆ. ಜಜ್ಜಿದ ಕಡೆ ಕಪ್ಪುಗಟ್ಟಿ, ಆ ಬೀಜವೇ ಮುಂದೆ ದೋಷವೆಂದು ಎಣಿಕೆಯಾಗುತ್ತದೆ. ಸಡಿಲವಾದರೆ ಇಡೀ ಹಣ್ಣು ಹಾಗೇ ಹೊರಬರುತ್ತದೆ. ಮೊದಲ ಬುಟ್ಟಿ ಹಾಕಿ, ಹೊರಬಂದದ್ದನ್ನು ಒಂದು ಹಿಡಿ ಹಿಡಿದು ನೋಡಿ, ತಿರುಪು ಸರಿಮಾಡಿ, ಮತ್ತೊಂದು ಬುಟ್ಟಿ. ಮಳೆ ಕಡಿಮೆಯಾದ ವರ್ಷ ಹಣ್ಣು ಸಣ್ಣದಿರುತ್ತದೆ, ಹಿಂದಿನ ವರ್ಷದ ಸಂದಿ ಆಗ ನಡೆಯುವುದಿಲ್ಲ. ಕೆಲಸ ಮುಗಿದ ಕೂಡಲೇ ಯಂತ್ರದ ಮೂಲೆಮೂಲೆ ತೊಳೆಯಬೇಕು. ಡಿಸ್ಕಿನ ಹಿಂದೆ ಸಿಕ್ಕಿಕೊಂಡ ಹತ್ತೇ ಬೀಜ ಮರುದಿನದ ಲಾಟಿನೊಳಗೆ (ಒಟ್ಟಿಗೆ ಹದಮಾಡುವ ಕಂತಿನೊಳಗೆ) ಸೇರಿದರೆ ಸಾಕು, ಕೊಳೆತ ವಾಸನೆ ಕಪ್ಪಿನವರೆಗೂ ಬರುತ್ತದೆ.

ಪಲ್ಪರಿನಿಂದ ಹರಿದ ನೀರನ್ನು ಸೋಸಿ ಅದಕ್ಕೇ ಮತ್ತೆ ಬಳಸುತ್ತಾರೆ. ಕೊನೆಗೆ ಉಳಿದದ್ದನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸುತ್ತಾರೆ. ಸಿಪ್ಪೆ ಸಗಣಿಯ ಜೊತೆ ಗೊಬ್ಬರದ ಗುಂಡಿಗೆ. ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದರ ಸಕ್ಕರೆ ಕೊಳೆಯುವಾಗ ನೀರಿನ ಪ್ರಾಣವಾಯುವೆಲ್ಲ ಖರ್ಚಾಗಿ ಮೀನು ಸಾಯುತ್ತವೆ. ಘಟ್ಟದ ಈ ಅಂಚಿನ ಹಳ್ಳಗಳಲ್ಲಿ ಕೆಲವು ಹೇಮಾವತಿಗೆ ಹೋದರೆ ಕೆಲವು ನೇತ್ರಾವತಿಗೆ ಇಳಿಯುತ್ತವೆ. ಎರಡನೆಯದನ್ನು ಕುಡಿಯುವವರು ಮಂಗಳೂರಿನ ನಾವೇ.

ಮೂರನೇ ದಿನ: ತೊಟ್ಟಿ ಮತ್ತು ಕಣ

ಸಿಪ್ಪೆ ಹೋದ ಬೀಜದ ಮೇಲೆ ಲೋಳೆ ಉಳಿದಿರುತ್ತದೆ. ಅದು ಕರಗಲು ತೊಟ್ಟಿಯಲ್ಲಿ ಹುದುಗು ಬರಿಸಬೇಕು. ಅರೇಬಿಕಾಕ್ಕೆ ಸಾಮಾನ್ಯವಾಗಿ 24–36 ಗಂಟೆ. ರೋಬಸ್ಟಾದ ಲೋಳೆ ದಪ್ಪ, ಅದಕ್ಕೆ 72 ಗಂಟೆಯವರೆಗೂ ಹಿಡಿಯುತ್ತದೆ. ಗಡಿಯಾರ ಇಲ್ಲಿ ಬರೀ ಅಂದಾಜಿಗೆ. ಡಿಸೆಂಬರಿನ ಚಳಿ ರಾತ್ರಿಗೆ ಹುದುಗು ನಿಧಾನವಾಗುತ್ತದೆ, ಮೋಡ ಕಟ್ಟಿ ಸೆಕೆಯಾದರೆ ಓಡುತ್ತದೆ. ತೊಟ್ಟಿಯ ಮೇಲ್ಭಾಗ ತಣ್ಣಗಿದ್ದು ನಡುಭಾಗ ಬೆಚ್ಚಗಿರುವುದರಿಂದ ಎರಡು ಮೂರು ಸಲ ಕೈಯಾಡಿಸಬೇಕು. ಪಿಎಚ್ ಮೀಟರ್ ಇದ್ದರೆ 4.5ರ ಹತ್ತಿರ ಬಂದಾಗ ಎಚ್ಚರವಾಗಬೇಕು. ಅದಕ್ಕಿಂತ ಕೆಳಗೆ ಹೋಗಲು ಬಿಟ್ಟರೆ ವಿನೆಗರಿನ ಘಾಟು.

ಮೀಟರ್ ಇಲ್ಲದ ಕಾಲದ ಪರೀಕ್ಷೆಯನ್ನೇ ಮನೆಯ ಅಕ್ಕ ಈಗಲೂ ನಂಬುತ್ತಾರೆ. ಒಂದು ಹಿಡಿ ಬೀಜ ನೀರಿನಲ್ಲಿ ತೊಳೆದು ಅಂಗೈಯಲ್ಲಿ ಉಜ್ಜುವುದು. "ಜಾರಿದ್ರೆ ಇನ್ನೂ ಆಗಿಲ್ಲ. ಗರಗರ ಅಂದ್ರೆ ತಡ ಮಾಡ್ಬಾರ್ದು, ತೊಳೀಬೇಕು." ಇನ್ನೊಂದು, ಕೋಲು ಚುಚ್ಚಿ ತೆಗೆಯುವುದು. ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ ಲೋಳೆ ಕರಗಿದೆ. ನಿನ್ನೆಯ ತೊಟ್ಟಿಗೆ ಇನ್ನೂ ಒಂದು ರಾತ್ರಿ ಬೇಕಿತ್ತು.

ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ ಗಾಳಿ ತಾಗದಂತೆ ಹುದುಗು ಬರಿಸುವ ಪ್ರಯೋಗ ಈಗ ಎಲ್ಲ ಕಡೆ ನಡೆದಿದೆ. ಒಳಗಿನ ಅನಿಲ ಹೊರಹೋಗಲು ನೀರಿನ ಕವಾಟ, ನೆರಳಿನ ಜಾಗ, ದಿನಕ್ಕೆರಡು ಸಲ ಪಿಎಚ್ ಬರೆದಿಡುವ ಶಿಸ್ತು ಇಲ್ಲದಿದ್ದರೆ ಅದಕ್ಕೆ ಕೈ ಹಾಕಬಾರದು. ಶುದ್ಧವಾದ ತೊಳೆದ ಕಾಫಿ ಪ್ರತಿ ವರ್ಷ ಒಂದೇ ಹದದಲ್ಲಿ ಬರುವ ತನಕ ಸಣ್ಣ ತೋಟದವರು ಡ್ರಮ್ ಕೊಳ್ಳುವ ಅವಸರ ಮಾಡದಿರಲಿ ಎಂಬುದು ನಮ್ಮ ಅಭಿಪ್ರಾಯ. ಕೆಟ್ಟ ಹಣ್ಣನ್ನು ಯಾವ ಡ್ರಮ್ಮೂ ಸರಿಮಾಡುವುದಿಲ್ಲ.

ಮನೆಯ ಹಿಂದೆ ಜಾಲರಿ ಮಂಚಗಳು ಸಾಲಾಗಿವೆ. ಸೊಂಟದೆತ್ತರದ ಕಂಬ, ಅಡ್ಡಕ್ಕೆ ಅಡಿಕೆ ದಬ್ಬೆ, ಮೇಲೆ ನೈಲಾನ್ ಜಾಲರಿ. ಬೇರೆಬೇರೆ ದಿನ ಪಲ್ಪ್ ಆದ ಕಾಫಿ ಬೇರೆಬೇರೆ ಮಂಚದಲ್ಲಿ ಇರುವುದರಿಂದ ಒಣಗುವ ಎಲ್ಲ ಹಂತಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಪ್ರತಿ ಮಂಚಕ್ಕೂ ಚೀಟಿ ಕಟ್ಟಿದ್ದಾರೆ. ತಳಿ, ಕೊಯ್ದ ದಿನ, ತೊಟ್ಟಿಯಲ್ಲಿದ್ದ ಗಂಟೆ, ಹರವಿದ ದಿನ.

ತೊಳೆದ ಪಾರ್ಚ್‌ಮೆಂಟ್, ಅಂದರೆ ಒಳಹೊಟ್ಟು ಸಮೇತದ ಬೀಜ, ಮೊದಲ ದಿನ ಸುಮಾರು 2 ಸೆಂ.ಮೀ. ದಪ್ಪಕ್ಕೆ ಮೀರಬಾರದು. ಮೇಲಿನ ನೀರು ಆರುವ ತನಕ ಗಂಟೆಗೊಮ್ಮೆಯಾದರೂ ಕೈಯಾಡಿಸಬೇಕು. ಆಮೇಲೆ ದಪ್ಪ ಹೆಚ್ಚಿಸಿ ನಿಧಾನಿಸಬೇಕು. ನಡುಮಧ್ಯಾಹ್ನ 12ರಿಂದ 3ರವರೆಗೆ ನೆರಳು ಬಲೆ ಎಳೆಯುವುದು, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವುದು. ಬಿಸಿಲಿಗೆ ಬಿಟ್ಟರೆ ಬೇಗ ಒಣಗುತ್ತದಲ್ಲ ಎಂದು ಚಾಲಿ ಅಡಿಕೆ ಒಣಗಿಸಿದವರಿಗೆ ಅನ್ನಿಸಬಹುದು. ಕಾಫಿಯಲ್ಲಿ ಅವಸರದ ಬಿಸಿಲಿಗೆ ಪಾರ್ಚ್‌ಮೆಂಟ್ ಬಿರಿದು ಒಳಗಿನ ಬೀಜ ಬರಿಮೈಯಾಗುತ್ತದೆ. ಅಂಥದ್ದು ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು, ಕಪ್ಪಿನಲ್ಲಿ ಮರದ ಹೊಟ್ಟಿನ ರುಚಿ ಕೊಡುತ್ತದೆ. ಈ ತೋಟದಲ್ಲಿ 10–14 ದಿನ ತೆಗೆದುಕೊಳ್ಳುತ್ತಾರೆ.

ಎಲ್ಲಿಗೆ ನಿಲ್ಲಿಸಬೇಕು? ಪಾರ್ಚ್‌ಮೆಂಟಿಗೆ ತೇವಾಂಶ ಶೇ 10, ಅರೇಬಿಕಾ ಚೆರಿಗೆ (ಹಣ್ಣಾಗಿಯೇ ಒಣಗಿಸಿದ್ದಕ್ಕೆ) 10.5, ರೋಬಸ್ಟಾ ಚೆರಿಗೆ 11 ಎಂಬುದು ಕಾಫಿ ಮಂಡಳಿಯ ಅಳತೆ. ಮೀಟರ್ ಇಲ್ಲದವರಿಗೆ ತಕ್ಕಡಿಯ ಲೆಕ್ಕ ಇದೆ. ಈಗ ತಾನೇ ತೊಳೆದು ನೀರು ಬಸಿದ ಪಾರ್ಚ್‌ಮೆಂಟಿನಲ್ಲಿ ಸುಮಾರು ಶೇ 55 ನೀರು. 100 ಕೆಜಿಯಲ್ಲಿ ಒಣಪದಾರ್ಥ 45. ಶೇ 10ಕ್ಕೆ ಇಳಿದಾಗ ತೂಕ 50 ಕೆಜಿ. ಹೀಗಾಗಿ ಒಂದು ಸಣ್ಣ ಜಾಲರಿ ಬುಟ್ಟಿಯಲ್ಲಿ 2 ಕೆಜಿ ತುಂಬಿ ಅದೇ ಮಂಚದ ನಡುವೆ ಇಟ್ಟು ದಿನಾ ಬೆಳಿಗ್ಗೆ ತೂಗಿದರೆ, 1 ಕೆಜಿಯ ಹತ್ತಿರ ಬಂದಾಗ ಎಚ್ಚರಾಗಬೇಕೆಂದು ತಿಳಿಯುತ್ತದೆ. ಹೊಟ್ಟು ಬಿಡಿಸಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳಬಾರದು, ಬಣ್ಣ ನೀಲಿ ಛಾಯೆಯ ಹಸಿರು ಇರಬೇಕು.

ಪಕ್ಕದ ಮಂಚದಲ್ಲಿ ಇಡೀ ಹಣ್ಣನ್ನೇ ಒಣಗಿಸುತ್ತಿದ್ದರು. ಮೊದಲ ಕೆಲವು ದಿನ ಹಣ್ಣಿನ ಮೇಲೆ ಹಣ್ಣು ಬೀಳದಂತೆ ಒಂದೇ ಪದರ, ಒಟ್ಟು ಮೂರು ವಾರದ ಮೇಲೆ. ಬೂಷ್ಟು ಕಟ್ಟಿದ ಒಂದು ಹಣ್ಣು ಕಂಡರೂ ಸುತ್ತಲಿನದನ್ನೂ ಸೇರಿಸಿ ತೆಗೆದು ಹಾಕುತ್ತಾರೆ. ಲೋಳೆ ಸಮೇತ ಒಣಗಿಸುವ 'ಹನಿ' (ಇಂಗ್ಲಿಷಿನ honey, ಜೇನು) ಪದ್ಧತಿಯ ಒಂದು ಮಂಚವೂ ಇತ್ತು. ಅದು ಅಂಟಿ ಉಂಡೆಗಟ್ಟುವುದರಿಂದ ಮೊದಲ ಎರಡು ದಿನ ಒಬ್ಬರು ಅಲ್ಲೇ ನಿಂತು ಬೆರಳಿನಿಂದ ಬಿಡಿಸುತ್ತಿರಬೇಕು. ಆಳಿನ ಕೊರತೆ ಇರುವ ಮನೆಗೆ ಹೇಳಿಸಿದ್ದಲ್ಲ.

ನಾಲ್ಕನೇ ದಿನ: ತೊಳೆಯುವುದು, ತೋಟ ಸುತ್ತುವುದು

ಬೆಳಿಗ್ಗೆ ತೊಟ್ಟಿ ತೆರೆದಾಗ ಬೀಜ ಗರಗರ ಎಂದಿತು. ಮೂರು ನಾಲ್ಕು ನೀರಿನಲ್ಲಿ ತೊಳೆದು, ತೇಲಿದ್ದನ್ನು ತೆಗೆದು, ಶುದ್ಧ ನೀರಿನಲ್ಲಿ ರಾತ್ರಿಯವರೆಗೂ ಮುಳುಗಿಸಿಟ್ಟರು. ಹೀಗೆ ನೆನೆಸುವುದರಿಂದ ಸೀಳಿನಲ್ಲಿ ಉಳಿದ ಲೋಳೆಯೂ ಹೋಗಿ ರುಚಿ ಸ್ವಚ್ಛವಾಗುತ್ತದೆ.

ಬಾಕಿ ಹೊತ್ತು ತೋಟದಲ್ಲಿ. ಅರೇಬಿಕಾದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ದುಂಬಿ ಹಾರಾಡಿ, ಬಿಸಿಲು ಬೀಳುವ ಕಾಂಡದ ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಬರೆ ಬರೆಯಾಗಿ ಉಬ್ಬು ಕಂಡರೆ ಒಳಗೆ ಹುಳು ಇದೆ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಕಿತ್ತು ಸೌದೆ ರಾಶಿಗೆ ಹಾಕಿದರೆ ಅಲ್ಲಿಂದಲೇ ದುಂಬಿ ಹೊರಬರುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆ ಉಜ್ಜಿ ತೆಗೆದು, ಶೇ 10ರ ಸುಣ್ಣದ ನೀರು ಬಳಿಯುತ್ತಾರೆ.

ನೆರಳಿನ ಹದವೇ ಇಲ್ಲಿ ಕಷ್ಟದ ವಿಷಯ. ಕೊರಕವನ್ನು ತಡೆಯಲು ನೆರಳು ಬೇಕು, ಆದರೆ ಚಾರ್ಮಾಡಿ ಅಂಚಿನ ಮಳೆಗೆ ನೆರಳು ದಟ್ಟವಿದ್ದರೆ ಕೊಳೆರೋಗ ಬರುತ್ತದೆ. ಎಲೆಗಳು ಕಪ್ಪಾಗಿ ನೂಲಿನಲ್ಲಿ ಕಟ್ಟಿದಂತೆ ರೆಕ್ಕೆಗೆ ಜೋತು ಬೀಳುತ್ತವೆ. ಹಾಗಾಗಿ ದುಂಬಿಯ ಹಾರಾಟ ಮುಗಿದು ಮಳೆ ಜೋರಾಗುವ ನಡುವಿನ ಕೆಲವೇ ದಿನಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮುಗಿಸಬೇಕು, ಗಿಡದ ನಡುವಿನ ಒತ್ತು ಚಿಗುರು ತೆಗೆದು ಗಾಳಿಯಾಡಿಸಬೇಕು. ಹೆಸರು ಒಂದೇ ಆದರೂ ಅಡಿಕೆಯ ಕೊಳೆರೋಗದ ಶಿಲೀಂಧ್ರ ಬೇರೆ, ಕಾಫಿಯದು ಬೇರೆ. ಔಷಧಿ ಮಾತ್ರ ಕರಾವಳಿಯವರಿಗೆ ಪರಿಚಿತವಾದ ಶೇ 1ರ ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ.

ಸಾಲುಗಳ ನಡುವೆ ತೊಟ್ಟಿಲು ಗುಂಡಿಗಳು. ಇಳಿಜಾರಿನ ನೀರು ಅಲ್ಲಿ ನಿಂತು ಇಂಗುತ್ತದೆ, ಮೇಲ್ಮಣ್ಣು ಉಳಿಯುತ್ತದೆ. ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಮಣ್ಣು ಪರೀಕ್ಷೆ ನೋಡಿ ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಹಾಕುತ್ತಾರೆ.

ಐದನೇ ದಿನ: ಬಾಳೆಹೊನ್ನೂರು

ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾದದ್ದು. ನಾವು ಉಳಿದ ತೋಟದ ಎಸ್.795, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಎರಡೂ ಇಲ್ಲಿಯ ಕೂಸುಗಳು. ಬಿತ್ತನೆ ಬೀಜಕ್ಕೆ ಮುಂಗಡ ಬರೆಸಿಟ್ಟು, ಮಣ್ಣಿನ ಮಾದರಿ ಕೊಟ್ಟು ಹಿಂತಿರುಗುವಷ್ಟೇ ಕೆಲಸ. ಹೊಸದಾಗಿ ನೆಡುವವರು ಪಕ್ಕದ ತೋಟದ ಗಿಡದಡಿ ಹೆಕ್ಕಿದ ಸಸಿ ತರುವ ಬದಲು ಇಂಥಲ್ಲಿಂದ ಬೀಜ ತರಲಿ. ತಳಿ ಬೆರಕೆಯಾದರೆ ರೋಗ ತಡೆಯುವ ಗುಣ ಮೊದಲು ಹೋಗುತ್ತದೆ.

ಆರನೇ ದಿನ: ಮಂಗಳೂರಿನ ಕ್ಯೂರಿಂಗ್ ವರ್ಕ್ಸ್

ಮೊದಲ ಸುತ್ತಿನ ಮೂರು ಲಾಟ್‌ಗಳಿಂದ ಮಾದರಿಗೆ ಬೇಕಾದಷ್ಟು ಮಾತ್ರ ಕೆಳಗೆ ತಂದೆವು. ಉಳಿದದ್ದು ಘಟ್ಟದ ಮೇಲೆಯೇ, ಪಾರ್ಚ್‌ಮೆಂಟಿನೊಳಗೇ, ಒಂದೆರಡು ತಿಂಗಳು ವಿಶ್ರಾಂತಿ ಪಡೆಯಬೇಕು. ಒಳಗೆ ಗಾಳಿಯಾಡದ ಪ್ಲಾಸ್ಟಿಕ್ ಪದರ, ಹೊರಗೆ ಹೊಸ ಗೋಣಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ, ಗೋಡೆಯಿಂದ ಒಂದಡಿ ದೂರ. ಕಾಳುಮೆಣಸು, ಶುಂಠಿ, ಗೊಬ್ಬರ, ಡೀಸೆಲ್ ಇದ್ದ ಕೋಣೆಯಲ್ಲಿ ಇಡಬಾರದು. ಕಾಫಿ ಎಲ್ಲ ವಾಸನೆಯನ್ನೂ ಹೀರುತ್ತದೆ. ಕರಾವಳಿಯ ಗಾಳಿಯಲ್ಲಂತೂ ಬಾಯಿ ತೆರೆದ ಚೀಲ ಶೇ 10ರಿಂದ ಮೇಲೇರುತ್ತಲೇ ಹೋಗುತ್ತದೆ. ಹಡಗು ನಿಗದಿಯಾದ ಮೇಲೆ ಇಳಿಸಿದರೆ ಸಾಕು.

ಕ್ಯೂರಿಂಗಿನಲ್ಲಿ ಹೊಟ್ಟು ಬಿಡಿಸಿದಾಗ 100 ಕೆಜಿ ಪಾರ್ಚ್‌ಮೆಂಟಿಗೆ ಸುಮಾರು 80 ಕೆಜಿ ಬೀಜ ಸಿಗುತ್ತದೆ. ಸಣ್ಣ ಲಾಟಿನವರು ಎರಡು ಮಾತು ಮೊದಲೇ ಆಡಿಕೊಳ್ಳಬೇಕು. ಯಂತ್ರದೊಳಗೆ ಹಿಂದಿನವರ ಬೀಜ ಉಳಿದಿರುತ್ತದೆ, ಆದ್ದರಿಂದ ಮೊದಲ ಕೆಲವು ಕೆಜಿ ಬೇರೆ ತೆಗೆದಿಡಬೇಕು. ಪಾಲಿಶ್ ಬೇಡವೆನ್ನಬೇಕು, ತಿಕ್ಕಾಟಕ್ಕೆ ಬೀಜ ಬಿಸಿಯಾಗಿ ಪರಿಮಳ ಕುಗ್ಗುತ್ತದೆ. ಜರಡಿಯ ಅಂಕೆ ಇಂಚಿನ 64ನೇ ಒಂದು ಭಾಗದ ಲೆಕ್ಕ. 18ನೇ ಅಂಕೆ ಎಂದರೆ 18/64 ಇಂಚಿನ ತೂತು. ವ್ಯಾಪಾರದ ಹೆಸರುಗಳು ಹೊಸಬರಿಗೆ ಗೊಂದಲ ತರುತ್ತವೆ. ತೊಳೆದ ಅರೇಬಿಕಾ 'ಪ್ಲಾಂಟೇಶನ್', ತೊಳೆದ ರೋಬಸ್ಟಾ 'ಪಾರ್ಚ್‌ಮೆಂಟ್', ಹಣ್ಣಾಗಿಯೇ ಒಣಗಿಸಿದ್ದು ಎರಡರಲ್ಲೂ 'ಚೆರಿ'.

ಹಿಂಬದಿಯ ಉದ್ದನೆಯ ಶೆಡ್ಡುಗಳು ಈಗ ಖಾಲಿ. ಜೂನ್ ಬಂದರೆ ಇಲ್ಲಿ ಮಾನ್‌ಸೂನ್ಡ್ ಮಲಬಾರ್ ತಯಾರಾಗುತ್ತದೆ. ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ ಹಳದಿಯಾಗಿ ತಲುಪುತ್ತಿದ್ದ ಕಾಫಿಯ ರುಚಿಗೆ ಯುರೋಪಿನವರು ಒಗ್ಗಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಚಿಕ್ಕದಾದ ಮೇಲೆ, ಆ ರುಚಿಯನ್ನು ದಡದಲ್ಲೇ ತರಿಸುವ ಪದ್ಧತಿ ಬೆಳೆಯಿತು. ಚೆರಿ ಕಾಫಿಯನ್ನು ಬದಿ ತೆರೆದ ಶೆಡ್ಡಿನಲ್ಲಿ 4–6 ಇಂಚು ದಪ್ಪಕ್ಕೆ ಹರವಿ ಕೈಯಾಡಿಸುತ್ತಾರೆ. ತೇವ ಹೀರಿ ಉಬ್ಬಿದ ಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ನೈರುತ್ಯದ ಗಾಳಿ ಚೀಲಗಳ ನಡುವೆ ಹಾಯುವಂತೆ ಜೋಡಿಸಿ, ಆಗಾಗ ಸುರಿದು ಮತ್ತೆ ತುಂಬುತ್ತಾರೆ. 12–16 ವಾರದಲ್ಲಿ ಬೀಜ ತೆಳು ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಕುಡಿಯುವಾಗ ಹುಳಿ ಇಳಿದು ಬಾಯಿಗೆ ದಪ್ಪವೆನಿಸುತ್ತದೆ. ಚೀಲ ಮಗುಚುವುದು ತಡವಾದರೆ ನಡುವಿನದ್ದು ಬೂಷ್ಟು. ಘಟ್ಟದ ಮೇಲೆ ಅಷ್ಟು ಕಷ್ಟಪಟ್ಟು ಹೊರಗಟ್ಟಿದ ನೀರನ್ನು ಇಲ್ಲಿ ಅಳತೆಯಿಟ್ಟು ಒಳಗೆ ಬಿಟ್ಟುಕೊಳ್ಳುವುದಕ್ಕೆ ಮೂಲ ಕಾಫಿ ದೋಷವಿಲ್ಲದ್ದೇ ಆಗಬೇಕು.

ಸಂಜೆ ಮೂರು ಮಾದರಿಗಳನ್ನೂ ತೆಳುವಾಗಿ ಹುರಿದಿಟ್ಟೆವು.

ಏಳನೇ ದಿನ: ರುಚಿ

ಪ್ರತಿ ಲಾಟಿಗೂ ಐದು ಬಟ್ಟಲು, 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ, 93 ಡಿಗ್ರಿಯ ನೀರು, 4 ನಿಮಿಷಕ್ಕೆ ಮೇಲಿನ ಪೊರೆ ಒಡೆದು ವಾಸನೆ, ಆರಿದ ಮೇಲೆ ಚಮಚದಲ್ಲಿ ರುಚಿ. ಐದು ಬಟ್ಟಲು ಇಡುವುದೇ ಅವು ಒಂದೇ ಥರ ಇವೆಯೇ ಎಂದು ತಿಳಿಯಲು.

ಮೊದಲ ಲಾಟಿನ ನಾಲ್ಕು ಬಟ್ಟಲು ಶುದ್ಧ, ಒಂದರಲ್ಲಿ ಕೊಳೆತ ಹುಳಿ. ಇಡೀ ತೊಟ್ಟಿ ಅತಿಯಾಗಿ ಹುದುಗಿದ್ದರೆ ಐದರಲ್ಲೂ ಬರುತ್ತಿತ್ತು. ಒಂದರಲ್ಲಿ ಮಾತ್ರ ಎಂದರೆ ಪಲ್ಪರಿನಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಬೀಜಗಳ ಮೇಲೇ ಮೊದಲ ಸಂಶಯ. ಎರಡನೆಯದರಲ್ಲಿ ಐದೂ ಬಟ್ಟಲು ಒಂದೇ ಥರ, ಆದರೆ ಆರುತ್ತ ಕಾಗದದಂತೆ ಸಪ್ಪೆ. ಚೀಟಿ ನೋಡಿದರೆ ಅದು ಕಣದ ತುದಿಯ, ನೆರಳು ಬಲೆ ಮುಟ್ಟದ ಮಂಚದ್ದು, 7 ದಿನದಲ್ಲೇ ಒಣಗಿದ್ದು. ಮೂರನೆಯದು 13 ದಿನ ಒಣಗಿದ ಎಸ್.795. ಬೆಲ್ಲದ ಸಿಹಿ, ಹುಣಸೆಯ ಚುರುಕು ಹುಳಿ, ಐದರಲ್ಲೂ ಏಕರೂಪ. ಮೂರನೆಯದನ್ನು ಪ್ರತ್ಯೇಕವಾಗಿ ಮಾರುವುದೆಂದೂ, ಎರಡನೆಯದನ್ನು ಮಾಮೂಲಿ ಪ್ಲಾಂಟೇಶನ್ ದರಕ್ಕೆ ಬಿಡುವುದೆಂದೂ, ಮೊದಲನೆಯದರಿಂದ ಇನ್ನೂ ಎರಡು ಕಡೆಯ ಮಾದರಿ ತೆಗೆದು ನೋಡುವವರೆಗೆ ಬೆಲೆ ಹೇಳುವುದಿಲ್ಲವೆಂದೂ ತೋಟದವರು ಫೋನಿನಲ್ಲೇ ನಿಶ್ಚಯಿಸಿದರು. ತುದಿಯ ಮಂಚಕ್ಕೆ ಬಲೆ ಕಟ್ಟಲು ಹೊಸ ಕಂಬ ಆ ಮಧ್ಯಾಹ್ನವೇ ನಿಲ್ಲಿಸಿದರಂತೆ.